ರಿಫ್ಯಾಕ್ಟರ್ ಮಾಡಿದ ಮೇಲೆ ವೇರಿಯಬಲ್‌ನಲ್ಲಿ ಕಸ ಕೂತರೆ: ಹುಡುಕಿ ಸರಿಪಡಿಸುವ ದಾರಿ

ಫಂಕ್ಷನ್ ತುಂಬಾ ಉದ್ದವಾಯಿತು ಅಂತ ಅದನ್ನು ಎರಡು ತುಂಡು ಮಾಡಿದಿರಿ. ಹೊಸ ಕೆಲಸ ಏನೂ ಸೇರಿಸಿಲ್ಲ, ಹಳೆಯದನ್ನು ತೆಗೆದೂ ಇಲ್ಲ, ಕೋಡಿನ ರೂಪ ಮಾತ್ರ ಬದಲಿಸಿದಿರಿ. ಇದಕ್ಕೇ ರಿಫ್ಯಾಕ್ಟರ್ ಅನ್ನುವುದು. ಟೆಸ್ಟ್‌ಗಳೆಲ್ಲ ಪಾಸ್. ಎರಡು ದಿನ ಬಿಟ್ಟು ಯಾರೋ ಬಂದು, "ಪ್ರೋಗ್ರಾಂ ಒಮ್ಮೊಮ್ಮೆ ಸುಮ್ನೆ ನಿಂತುಬಿಡುತ್ತೆ" ಅನ್ನುತ್ತಾರೆ. ನಿಮ್ಮ ಮಷಿನ್‌ನಲ್ಲಿ ಇಪ್ಪತ್ತು ಸಲ ಓಡಿಸಿದರೂ ಅದು ನಿಲ್ಲುವುದಿಲ್ಲ.

ನಾನು ಹೀಗೆ ಸಿಕ್ಕಿಬಿದ್ದದ್ದು ಒಂದು ಟೈಮೌಟ್, ಅಂದರೆ ಸರ್ವರ್‌ಗಾಗಿ ಎಷ್ಟು ಹೊತ್ತು ಕಾಯಬೇಕು ಅನ್ನುವ ಸಂಖ್ಯೆಯ ವಿಷಯದಲ್ಲಿ. ಕೋಡು ಸಿ ಭಾಷೆಯದು. ಇಲ್ಲಿ ಹೆಸರುಗಳನ್ನೂ ಕೀವರ್ಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಎಡಿಟರ್‌ನಲ್ಲಿ ಹಾಕುವಾಗ ಬದಲಿಸಿಕೊಳ್ಳಿ. ಮೊದಲು ಹೀಗಿತ್ತು:

    ಇಂಟ್ ಟೈಮೌಟ್ = 30;
    ಇಫ್ (ಸಾಲಿದೆಯಾ("ಟೈಮೌಟ್"))
        ಟೈಮೌಟ್ = ಸಾಲಿನ_ಸಂಖ್ಯೆ("ಟೈಮೌಟ್");
    ಕನೆಕ್ಟ್(ಸರ್ವರ್, ಟೈಮೌಟ್);

ಸೆಟ್ಟಿಂಗ್ಸ್ ಫೈಲ್‌ನಲ್ಲಿ ಟೈಮೌಟ್ ಅನ್ನೋ ಸಾಲು ಇದ್ದರೆ ಅದರಲ್ಲಿರುವ ಸಂಖ್ಯೆ, ಇಲ್ಲದಿದ್ದರೆ 30 ಸೆಕೆಂಡ್. ಫೈಲ್ ಓದುವ ಭಾಗವನ್ನೆಲ್ಲ ಬೇರೆ ಫೈಲಿಗೆ ಸಾಗಿಸಿದೆ. ಆಮೇಲೆ ಹೀಗಾಯಿತು:

    ಬೂಲ್ ಟೈಮೌಟ್_ಓದು(ಇಂಟ್ *ಔಟ್)
    {
        ಇಫ್ (!ಸಾಲಿದೆಯಾ("ಟೈಮೌಟ್"))
            ರಿಟರ್ನ್ ಫಾಲ್ಸ್;
        *ಔಟ್ = ಸಾಲಿನ_ಸಂಖ್ಯೆ("ಟೈಮೌಟ್");
        ರಿಟರ್ನ್ ಟ್ರೂ;
    }

    ಇಂಟ್ ಟೈಮೌಟ್;
    ಟೈಮೌಟ್_ಓದು(&ಟೈಮೌಟ್);
    ಕನೆಕ್ಟ್(ಸರ್ವರ್, ಟೈಮೌಟ್);

30 ಎಲ್ಲಿ ಹೋಯಿತು? ಮುಂದಿನ ಸಾಲಿನಲ್ಲೇ ವ್ಯಾಲ್ಯೂ ತುಂಬುತ್ತದಲ್ಲ, ಮತ್ತೆ ಇಲ್ಲೇಕೆ ಅಂತ ನಾನೇ ಅಳಿಸಿದ್ದೆ. ಆಫೀಸಿನಲ್ಲಿ ಎಲ್ಲರ ಸೆಟ್ಟಿಂಗ್ಸ್ ಫೈಲ್‌ನಲ್ಲೂ ಆ ಸಾಲು ಇತ್ತು, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿದವರ ಫೈಲ್‌ನಲ್ಲಿ ಇರಲಿಲ್ಲ. ಅವರ ಟೈಮೌಟ್ ಮೆಮೊರಿಯಲ್ಲಿ ಬಿದ್ದಿದ್ದ ಕಸ.

ಇಂಥ ಬಗ್ಗನ್ನು ಎಷ್ಟೋ ಜನ ಒಂದೇ ನಿಮಿಷದಲ್ಲಿ ಮುಗಿಸುತ್ತಾರೆ. ವೇರಿಯಬಲ್ ಮುಂದೆ "= 0" ಬರೆದು ಕಮಿಟ್ ಮಾಡಿಬಿಡುತ್ತಾರೆ, ಅಂದರೆ ಬದಲಾವಣೆಯನ್ನು ದಾಖಲಿಸಿಬಿಡುತ್ತಾರೆ. ಮೇಲಿನ ಕೋಡ್‌ಗೆ ಹಾಗೆ ಮಾಡಿ ನೋಡಿ. ಟೈಮೌಟ್ 0 ಆಗುತ್ತದೆ. ಒಮ್ಮೊಮ್ಮೆ ಬರುತ್ತಿದ್ದ ತೊಂದರೆ ಈಗ ಪ್ರತಿ ಸಲವೂ ಬರುತ್ತದೆ, ಮೇಲಾಗಿ ಯಾವ ಟೂಲ್ ಕೂಡ ಇನ್ನು ಅದನ್ನು ತೋರಿಸುವುದಿಲ್ಲ. ಇಲ್ಲಿ ಕಳೆದುಹೋಗಿರುವುದು 30. ಹಳೆಯ ಕೋಡು ಆ ದಾರಿಯಲ್ಲಿ ಏನು ಕೊಡುತ್ತಿತ್ತು ಅಂತ ಹುಡುಕಿ ಅದನ್ನೇ ವಾಪಸ್ ತರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ಇದು ಅದೇ ಬಗ್ಗಾ ಅಂತ ಮೊದಲು ನೋಡಿ

ಎಲ್ಲ ವಿಚಿತ್ರ ಬಗ್ಗೂ ಇದೇ ಜಾತಿಯದಲ್ಲ. ಆದರೆ ಇದಕ್ಕೆ ಕೆಲವು ಗುರುತುಗಳಿವೆ. ಬಗ್ಗು ಹುಡುಕಲು ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಸರಿ ಇರುತ್ತದೆ, ಬಳಸುವವರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಕೆಡುತ್ತದೆ. ಏನಾಗುತ್ತಿದೆ ನೋಡೋಣ ಅಂತ ಒಂದು ಪ್ರಿಂಟ್ ಸಾಲು ಹಾಕಿದರೆ ಬಗ್ಗೇ ಮಾಯ. ಒಂದೇ ಇನ್‌ಪುಟ್‌ಗೆ ಬೇರೆ ಬೇರೆ ಮಷಿನ್‌ನಲ್ಲಿ ಬೇರೆ ಬೇರೆ ಉತ್ತರ. ಸಂಬಂಧವೇ ಇಲ್ಲದ ಇನ್ನೊಂದು ಫಂಕ್ಷನ್ ಬದಲಿಸಿದ ದಿನ ಬಗ್ಗು ಹುಟ್ಟುತ್ತದೆ ಅಥವಾ ಸಾಯುತ್ತದೆ.

ಯಾಕೆ ಹೀಗೆ? ಸಿ ಮತ್ತು ಸಿ++ ಭಾಷೆಗಳಲ್ಲಿ ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗೆ ನೀವು ವ್ಯಾಲ್ಯೂ ಕೊಡದಿದ್ದರೆ ಯಾರೂ ಕೊಡುವುದಿಲ್ಲ. ಸ್ಟ್ಯಾಕ್‌ನಲ್ಲಿ, ಅಂದರೆ ಫಂಕ್ಷನ್‌ಗಳು ಸರದಿಯಲ್ಲಿ ಬಳಸುವ ಮೆಮೊರಿಯಲ್ಲಿ, ಅದಕ್ಕೊಂದು ಜಾಗ ಸಿಗುತ್ತದೆ, ಅಷ್ಟೇ. ಆ ಜಾಗದಲ್ಲಿ ಈ ಮೊದಲು ಓಡಿದ ಫಂಕ್ಷನ್ ಬಿಟ್ಟುಹೋದದ್ದು ಹಾಗೇ ಇರುತ್ತದೆ. ಹಿಂದಿನ ಬಾಡಿಗೆದಾರರ ಸಾಮಾನು ತೆಗೆಯದೆ ಮನೆ ಕೊಟ್ಟ ಹಾಗೆ. ಅದೃಷ್ಟಕ್ಕೆ ಅಲ್ಲಿ 30 ಇದ್ದರೂ ಇರಬಹುದು. ಪ್ರಿಂಟ್ ಸಾಲು ಹಾಕಿದಾಗ ಸ್ಟ್ಯಾಕ್‌ನ ಲೆಕ್ಕ ಬದಲಾಗುತ್ತದೆ, ಕಸವೂ ಬದಲಾಗುತ್ತದೆ.

ಕಂಪೈಲರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಂಥ ವೇರಿಯಬಲ್ ಓದುವುದು ಭಾಷೆಯ ನಿಯಮದ ಪ್ರಕಾರ ಆಗಲೇಬಾರದ ಕೆಲಸ. ಆದ್ದರಿಂದ ಆಪ್ಟಿಮೈಸ್ ಮಾಡುವಾಗ, ಅಂದರೆ ಕೋಡು ವೇಗವಾಗಿ ಓಡಲಿ ಅಂತ ಚುರುಕು ಮಾಡುವಾಗ ಕಂಪೈಲರ್, ಅದು ಆಗುವುದೇ ಇಲ್ಲ ಅಂತ ನಂಬಿ ಕೋಡನ್ನು ಕತ್ತರಿಸುತ್ತದೆ. ವ್ಯಾಲ್ಯೂ ಕೊಡದ ಒಂದು ಬೂಲ್ ಇದ್ದರೆ, ಅದು ನಿಜವಾದಾಗ ಓಡಬೇಕಾದ ಕೋಡೂ ಸುಳ್ಳಾದಾಗ ಓಡಬೇಕಾದ ಕೋಡೂ ಎರಡೂ ಓಡಿದ್ದನ್ನು ನೋಡಬಹುದು. ಮೊದಲ ಸಲ ಕಂಡಾಗ ತಲೆ ಕೆಡುತ್ತದೆ. ಸಿ++26ರಲ್ಲಿ ಈ ನಿಯಮವನ್ನು ಸ್ವಲ್ಪ ಬಿಗಿ ಮಾಡಿದ್ದಾರೆ. ಇಂಥ ಓದು ಈಗಲೂ ತಪ್ಪೇ, ಆದರೆ ಕಂಪೈಲರ್ ಅದನ್ನು ನೆಪ ಮಾಡಿಕೊಂಡು ಏನು ಬೇಕಾದರೂ ಮಾಡುವ ಹಾಗಿಲ್ಲ.

ಡೀಬಗ್ಗರ್‌ನಲ್ಲಿ ಕಾಣುವ ಸಂಖ್ಯೆಯನ್ನೂ ಗಮನಿಸಿ. ವಿಷುಯಲ್ ಸ್ಟುಡಿಯೋದ ಡೀಬಗ್ ಬಿಲ್ಡ್‌ನಲ್ಲಿ ಒಂದು ಇಂಟ್ −858993460 ಅಂತ ತೋರಿಸಿದರೆ ಬೇರೆ ಸಾಕ್ಷಿ ಬೇಡ. ವ್ಯಾಲ್ಯೂ ಕೊಡದ ಜಾಗವನ್ನು ಆ ಕಂಪೈಲರ್ ಒಂದು ಗುರುತಿನ ಬೈಟ್‌ನಿಂದ ತುಂಬುತ್ತದೆ. ಅಂಥ ನಾಲ್ಕು ಬೈಟ್ ಸೇರಿದರೆ ಬರುವ ಸಂಖ್ಯೆ ಅದು.

ಹೆಜ್ಜೆ 2: ಬಗ್ಗು ಪ್ರತಿ ಸಲ ಬರುವ ಹಾಗೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಬಗ್ಗು ಒಮ್ಮೊಮ್ಮೆ ಮಾತ್ರ ಬರುತ್ತಿದ್ದರೆ, ನೀವು ಮಾಡಿದ ಬದಲಾವಣೆಯಿಂದ ಅದು ಹೋಯಿತೋ ಸುಮ್ಮನೆ ಅಡಗಿತೋ ಗೊತ್ತಾಗುವುದಿಲ್ಲ.

ಕ್ಲಾಂಗ್ ಮತ್ತು ಜಿಸಿಸಿ ಅನ್ನುವ ಕಂಪೈಲರ್ ಎರಡರಲ್ಲೂ ಇದಕ್ಕೆ ಒಳ್ಳೆಯ ಸೌಲಭ್ಯ ಇದೆ. ಕ್ಲಾಂಗ್‌ನಲ್ಲಿ 2019ರ 8ನೇ ಆವೃತ್ತಿಯಿಂದ, ಜಿಸಿಸಿಯಲ್ಲಿ 2022ರ 12ನೇ ಆವೃತ್ತಿಯಿಂದ ಸಿಗುತ್ತದೆ. ಫ್ಲ್ಯಾಗ್‌ನ (ಕಂಪೈಲರ್‌ಗೆ ಕೊಡುವ ಆಯ್ಕೆಯ) ಹೆಸರು ಸ್ವಲ್ಪ ಉದ್ದ: -ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಪ್ಯಾಟರ್ನ್. ಇದನ್ನು ಕೊಟ್ಟರೆ, ವ್ಯಾಲ್ಯೂ ಇಲ್ಲದ ಪ್ರತಿ ಲೋಕಲ್ ವೇರಿಯಬಲ್‌ನಲ್ಲೂ ಕಂಪೈಲರ್ ತಾನೇ ಒಂದು ಹುಚ್ಚು ಸಂಖ್ಯೆ ಇಡುತ್ತದೆ. 64 ಬಿಟ್ ಮಷಿನ್‌ನಲ್ಲಿ ಕ್ಲಾಂಗ್ ಇಡುವ ಬೈಟ್‌ಗಳು ಒಂದು ಇಂಟ್‌ನಲ್ಲಿ −1431655766 ಆಗಿ ಕಾಣುತ್ತವೆ. ಜಿಸಿಸಿಯದು −16843010. ಟೈಮೌಟ್ ಜಾಗದಲ್ಲಿ ಇವು ಬಂದರೆ ಪ್ರೋಗ್ರಾಂ ಖಂಡಿತ ಕೆಡುತ್ತದೆ, ನಮಗೆ ಬೇಕಾದದ್ದೂ ಅದೇ. ಸಂಖ್ಯೆ ಯಾವಾಗಲೂ ಒಂದೇ, ಆದ್ದರಿಂದ ಲಾಗ್‌ನಲ್ಲಿ ಕಂಡ ಕೂಡಲೇ ಗುರುತು ಸಿಗುತ್ತದೆ.

ಅದೇ ಫ್ಲ್ಯಾಗ್‌ಗೆ ಪ್ಯಾಟರ್ನ್ ಬದಲು ಜೀರೋ ಅಂತಲೂ ಕೊಡಬಹುದು. ಆಗ ಎಲ್ಲದಕ್ಕೂ 0. ಪ್ರೋಗ್ರಾಮನ್ನು ಎರಡು ಸಲ ಬಿಲ್ಡ್ ಮಾಡಿ, ಒಮ್ಮೆ ಪ್ಯಾಟರ್ನ್, ಒಮ್ಮೆ ಜೀರೋ. ಒಂದೇ ಇನ್‌ಪುಟ್ ಕೊಟ್ಟು ಎರಡರ ಔಟ್‌ಪುಟ್ ಹೋಲಿಸಿ. ಬೇರೆ ಬೇರೆ ಬಂದರೆ ಎಲ್ಲೋ ಕಸ ಓದುತ್ತಿದ್ದೀರಿ ಅಂತಲೇ ಅರ್ಥ. ಅಗ್ಗದ ಪರೀಕ್ಷೆ, ಆದರೆ ಚೆನ್ನಾಗಿ ಹಿಡಿಯುತ್ತದೆ. ನೆನಪಿರಲಿ, ಇದು ಸ್ಟ್ಯಾಕ್‌ಗೆ ಮಾತ್ರ. ಮ್ಯಾಲಕ್ ಫಂಕ್ಷನ್‌ನಿಂದ ಕೇಳಿ ತಂದ ಮೆಮೊರಿಯನ್ನು ಈ ಫ್ಲ್ಯಾಗ್ ಮುಟ್ಟುವುದಿಲ್ಲ.

ಹೆಜ್ಜೆ 3: ಯಾವ ಕಮಿಟ್ ಅಂತ ಹಿಡಿಯಿರಿ

ಕಮಿಟ್ ಗೊತ್ತಿದ್ದರೆ ಈ ಹೆಜ್ಜೆ ಬಿಟ್ಟುಬಿಡಿ. ಗೊತ್ತಿಲ್ಲದಿದ್ದರೆ, ಕಮಿಟ್‌ಗಳನ್ನು ಕಾಪಿಡುವ ಗಿಟ್‌ನಲ್ಲೇ ಗಿಟ್ ಬೈಸೆಕ್ಟ್ ಅನ್ನುವ ಆಜ್ಞೆ ಇದೆ. ಚೆನ್ನಾಗಿದ್ದ ಒಂದು ಹಳೆಯ ಕಮಿಟ್, ಕೆಟ್ಟಿರುವ ಒಂದು ಹೊಸ ಕಮಿಟ್ ಹೇಳಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ಪ್ರತಿ ಸಲ ಅರ್ಧ ಕಳೆಯುತ್ತದೆ. ನಡುವೆ 1000 ಕಮಿಟ್ ಇದ್ದರೂ ಹತ್ತು ಸಲ ನೋಡಿದರೆ ಸಾಕು.

ಕೈಯಲ್ಲಿ ಮಾಡುವುದಕ್ಕಿಂತ ಸ್ಕ್ರಿಪ್ಟ್ ಬರೆದು ಗಿಟ್ ಬೈಸೆಕ್ಟ್ ರನ್‌ಗೆ ಕೊಡಿ. ಸ್ಕ್ರಿಪ್ಟ್ 0 ವಾಪಸ್ ಕೊಟ್ಟರೆ ಒಳ್ಳೆಯ ಕಮಿಟ್, 1 ಕೊಟ್ಟರೆ ಕೆಟ್ಟದ್ದು, 125 ಕೊಟ್ಟರೆ ಇದನ್ನು ಬಿಟ್ಟು ಮುಂದೆ ಹೋಗು ಅಂತ. ಬಿಲ್ಡ್ ಆಗದ ಕಮಿಟ್‌ಗಳಿಗೆ ಈ 125 ತುಂಬಾ ಉಪಯೋಗ. ಸ್ಕ್ರಿಪ್ಟ್ ಒಳಗೆ ಬಿಲ್ಡ್ ಮಾಡುವಾಗ ಹಿಂದಿನ ಹೆಜ್ಜೆಯ ಪ್ಯಾಟರ್ನ್ ಫ್ಲ್ಯಾಗ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅದೃಷ್ಟದಿಂದ ಓಡಿದ ಕೆಟ್ಟ ಕಮಿಟನ್ನು ಒಳ್ಳೆಯದು ಅಂದುಕೊಂಡು ಬೈಸೆಕ್ಟ್ ದಾರಿ ತಪ್ಪುತ್ತದೆ.

ಹೆಜ್ಜೆ 4: ಟೂಲ್‌ಗಳನ್ನು ಕೇಳಿ, ಆದರೆ ಅವುಗಳ ಮೌನವನ್ನು ನಂಬಬೇಡಿ

ಮೊದಲು ಕಂಪೈಲರ್ ವಾರ್ನಿಂಗ್. ಜಿಸಿಸಿ, ಕ್ಲಾಂಗ್ ಎರಡರಲ್ಲೂ -ವಾಲ್ ಫ್ಲ್ಯಾಗ್ ಹಾಕಿ. ಜಿಸಿಸಿಯಲ್ಲಿ ಒಂದು ಸಣ್ಣ ಕಿರಿಕಿರಿ ಇದೆ. "ಈ ವೇರಿಯಬಲ್ ವ್ಯಾಲ್ಯೂ ಇಲ್ಲದೆ ಓದಿರಬಹುದು" ಅನ್ನುವ ಬಹುಶಃ ಜಾತಿಯ ವಾರ್ನಿಂಗ್ ಕೆಲಸ ಮಾಡಲು ಆಪ್ಟಿಮೈಸೇಶನ್ ಬೇಕು. ಬರೀ ಡೀಬಗ್ ಬಿಲ್ಡ್ ಮಾಡುತ್ತಿದ್ದರೆ ಅದು ಬರುವುದೇ ಇಲ್ಲ. ಆದ್ದರಿಂದ -ಓ2 ಹಾಕಿ ಒಮ್ಮೆಯಾದರೂ ಬಿಲ್ಡ್ ಮಾಡಿ. ಕ್ಲಾಂಗ್ ಇನ್ನೊಂದು ರೀತಿ. ಅದು ಕೋಡಿನ ದಾರಿಗಳನ್ನು ನೇರವಾಗಿ ನೋಡುತ್ತದೆ, ಆಪ್ಟಿಮೈಸೇಶನ್ ಇಲ್ಲದೆಯೂ ಹೇಳುತ್ತದೆ, ಯಾವ ಇಫ್ ಸುಳ್ಳಾದರೆ ತೊಂದರೆ ಅನ್ನುವುದನ್ನೂ ಬೆರಳಿಟ್ಟು ತೋರಿಸುತ್ತದೆ. ನಿಮ್ಮ ಪ್ರಾಜೆಕ್ಟ್ ಜಿಸಿಸಿಯದ್ದೇ ಆಗಿದ್ದರೂ ಈ ಒಂದು ಕೆಲಸಕ್ಕೆ ಕ್ಲಾಂಗ್‌ನಲ್ಲಿ ಬಿಲ್ಡ್ ಮಾಡಿ ನೋಡಿ ಅಂತಲೇ ನಾನು ಹೇಳುವುದು.

ಈಗ ಮುಖ್ಯ ಮಾತು. ನನ್ನ ಟೈಮೌಟ್ ಕೋಡ್‌ಗೆ ಎರಡೂ ಕಂಪೈಲರ್ ಒಂದು ಮಾತೂ ಆಡಲಿಲ್ಲ. ವೇರಿಯಬಲ್‌ನ ಅಡ್ರೆಸ್ಸನ್ನು ಬೇರೆ ಫೈಲ್‌ನಲ್ಲಿರುವ ಫಂಕ್ಷನ್‌ಗೆ ಕೊಟ್ಟ ಕೂಡಲೇ, "ಸರಿ, ಆ ಫಂಕ್ಷನ್ ತುಂಬುತ್ತದೆ ಬಿಡು" ಅಂತ ಕಂಪೈಲರ್ ಸುಮ್ಮನಾಗುತ್ತದೆ. ಒಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ. ಅಂದರೆ, ಉದ್ದದ ಫಂಕ್ಷನ್ ತುಂಡು ಮಾಡುವ ರಿಫ್ಯಾಕ್ಟರ್ ಬಗ್ಗನ್ನೂ ಹುಟ್ಟಿಸುತ್ತದೆ, ಅದನ್ನು ಹಿಡಿಯುವ ವಾರ್ನಿಂಗನ್ನೂ ಬಾಯಿ ಮುಚ್ಚಿಸುತ್ತದೆ. ಕೋಡು ಒಂದೇ ಫಂಕ್ಷನ್‌ನಲ್ಲಿ ಇದ್ದಿದ್ದರೆ ಅದೇ ಕಂಪೈಲರ್ ಕೂಗುತ್ತಿತ್ತು.

ಇದರ ತಿರುವುಮುರುವೂ ಇದೆ. ಸರಿಯಾದ ಕೋಡಿಗೂ ಈ ವಾರ್ನಿಂಗ್ ಬರುತ್ತದೆ. ಸುಳ್ಳು ಗಲಾಟೆ ಎಷ್ಟಾಯಿತೆಂದರೆ, ಲಿನಕ್ಸ್ ಕರ್ನಲ್‌ನಲ್ಲಿ 2020ರಲ್ಲಿ ಜಿಸಿಸಿಯ ಈ ಬಹುಶಃ ವಾರ್ನಿಂಗನ್ನು ಮಾಮೂಲಿ ಬಿಲ್ಡ್‌ನಿಂದ ತೆಗೆದೇ ಹಾಕಿದರು.

ಹಾಗಾಗಿ ಓಡಿಸಿ ನೋಡುವ ಟೂಲ್ ಬೇಕು. ವಾಲ್‌ಗ್ರಿಂಡ್‌ನ ಮೆಮ್‌ಚೆಕ್ ನನ್ನ ಮೊದಲ ಆಯ್ಕೆ. ಕಾರಣ, ಪ್ರೋಗ್ರಾಮನ್ನು ವಿಶೇಷವಾಗಿ ಬಿಲ್ಡ್ ಮಾಡುವ ಕೆಲಸ ಇಲ್ಲ. ಮಾಮೂಲಿ ಬಿಲ್ಡ್‌ಗೇ -ಜಿ ಹಾಕಿ, ಆಪ್ಟಿಮೈಸೇಶನ್ ಕಡಿಮೆ ಇಟ್ಟರೆ ಸಾಕು. ಆಮೇಲೆ ವಾಲ್‌ಗ್ರಿಂಡ್ --ಟ್ರ್ಯಾಕ್-ಒರಿಜಿನ್ಸ್=ಯೆಸ್ ಅಂತ ಕೊಟ್ಟು ಓಡಿಸಿ. ನಿಧಾನ ಅಂದರೆ ನಿಧಾನ. ಮಾಮೂಲಿಗಿಂತ ಇಪ್ಪತ್ತು ಮೂವತ್ತು ಪಟ್ಟು ಸಮಯ ಹಿಡಿಯುವುದು ಸಹಜ, ಒರಿಜಿನ್ ಹುಡುಕಲು ಹೇಳಿದರೆ ಇನ್ನೂ ಜಾಸ್ತಿ.

ಮೆಮ್‌ಚೆಕ್ ಓದುವುದಕ್ಕೂ ಒಂದು ಕ್ರಮ ಇದೆ. ಕಸವನ್ನು ಒಂದು ವೇರಿಯಬಲ್‌ನಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಅದು ತಕರಾರು ಮಾಡುವುದಿಲ್ಲ. ಆ ಕಸವನ್ನು ನೋಡಿ ಒಂದು ಇಫ್ ತೀರ್ಮಾನ ಮಾಡಿದಾಗ, ಅದನ್ನು ಅಡ್ರೆಸ್ ಆಗಿ ಬಳಸಿದಾಗ, ಅಥವಾ ಸಿಸ್ಟಮ್ ಕಾಲ್‌ಗೆ ಕೊಟ್ಟಾಗ ಮಾತ್ರ ಕೂಗುತ್ತದೆ. ಅಂದರೆ ವರದಿಯ ಮೇಲಿನ ಭಾಗದಲ್ಲಿ ಕಾಣುವ ಸಾಲು ಕಸ ಸಿಡಿದ ಜಾಗ, ಹುಟ್ಟಿದ ಜಾಗ ಅಲ್ಲ. ಎಷ್ಟೋ ಸಲ ಅದು ಪ್ರಿಂಟ್ ಫಂಕ್ಷನ್ ಒಳಗೇ ತೋರಿಸುತ್ತದೆ. ಜನ "ಲೈಬ್ರರಿ ಬಗ್" ಅಂತ ಮುಚ್ಚಿಡುತ್ತಾರೆ. ಕೆಳಗಿನ ಭಾಗ ಓದಿ. ಇಂಥ ಫಂಕ್ಷನ್‌ನ ಸ್ಟ್ಯಾಕ್‌ನಲ್ಲಿ ಹುಟ್ಟಿತು ಅಂತ ಅಲ್ಲಿ ಬರೆದಿರುತ್ತದೆ. ನಿಮಗೆ ಬೇಕಾದದ್ದು ಆ ಫಂಕ್ಷನ್.

ಇನ್ನೊಂದು ಟೂಲ್ ಮೆಮೊರಿ ಸ್ಯಾನಿಟೈಸರ್. ಕ್ಲಾಂಗ್‌ನಲ್ಲಿ -ಎಫ್‌ಸ್ಯಾನಿಟೈಸ್=ಮೆಮೊರಿ ಅಂತ ಕೊಟ್ಟು ಬಿಲ್ಡ್ ಮಾಡಬೇಕು. ಜಿಸಿಸಿಯಲ್ಲಿ ಇಲ್ಲ. ಮೆಮ್‌ಚೆಕ್‌ಗಿಂತ ತುಂಬಾ ವೇಗ, ಮಾಮೂಲಿಗಿಂತ ಸುಮಾರು ಮೂರು ಪಟ್ಟು ನಿಧಾನ ಅಷ್ಟೇ. ಆದರೆ ನೀವು ಬಳಸುವ ಪ್ರತಿ ಲೈಬ್ರರಿಯನ್ನೂ, ಸಿ++ ಆದರೆ ಅದರ ಸ್ಟ್ಯಾಂಡರ್ಡ್ ಲೈಬ್ರರಿಯನ್ನೂ, ಇದೇ ಫ್ಲ್ಯಾಗ್‌ನಲ್ಲಿ ಬಿಲ್ಡ್ ಮಾಡಬೇಕು. ಇಲ್ಲದಿದ್ದರೆ ಸುಳ್ಳು ವರದಿಗಳು ಬರುತ್ತವೆ. ಸಣ್ಣ ಪ್ರಾಜೆಕ್ಟ್‌ಗೆ ಒಳ್ಳೆಯದು, ದೊಡ್ಡದಕ್ಕೆ ತಲೆನೋವು.

ಎರಡು ಎಚ್ಚರಿಕೆ. ಅಡ್ರೆಸ್ ಸ್ಯಾನಿಟೈಸರ್ ಈ ಬಗ್ಗನ್ನು ಹಿಡಿಯುವುದಿಲ್ಲ, ಹೆಸರು ಹತ್ತಿರ ಇದೆ ಅಂತ ಅದನ್ನು ಓಡಿಸಿ ನೆಮ್ಮದಿಯಾಗಬೇಡಿ. ಎರಡನೆಯದು, ಮೆಮ್‌ಚೆಕ್ ಓಡಿಸುವಾಗ ಹೆಜ್ಜೆ 2ರ ಪ್ಯಾಟರ್ನ್ ಫ್ಲ್ಯಾಗ್ ತೆಗೆಯಿರಿ. ಅದು ಇದ್ದರೆ ಎಲ್ಲ ವೇರಿಯಬಲ್‌ಗೂ ಏನೋ ಒಂದು ವ್ಯಾಲ್ಯೂ ಸಿಕ್ಕಿರುತ್ತದೆ, ಮೆಮ್‌ಚೆಕ್‌ಗೆ ತಪ್ಪು ಕಾಣುವುದೇ ಇಲ್ಲ. ನಾನು ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಹೆಜ್ಜೆ 5: ಡಿಫ್‌ನ ಕೆಂಪು ಬದಿ ಓದಿ

ವೇರಿಯಬಲ್ ಯಾವುದು ಅಂತ ಈಗ ಗೊತ್ತಾಯಿತು. ಡಿಫ್ ಅಂದರೆ ಹಳೆಯ ಕೋಡಿಗೂ ಹೊಸ ಕೋಡಿಗೂ ಇರುವ ವ್ಯತ್ಯಾಸದ ಪಟ್ಟಿ. ಅದನ್ನು ರಿವ್ಯೂ ಮಾಡುವಾಗ ನಾವೆಲ್ಲ ಹಸಿರು ಸಾಲುಗಳನ್ನು, ಅಂದರೆ ಹೊಸ ಕೋಡನ್ನು ಓದುತ್ತೇವೆ. ಈ ಬಗ್ಗು ಇರುವುದು ಕೆಂಪು ಸಾಲುಗಳಲ್ಲಿ, ಅಳಿಸಿದ ಕಡೆ. ಆ ವೇರಿಯಬಲ್‌ಗೆ ಹಳೆಯ ಕೋಡಿನಲ್ಲಿ ಎಲ್ಲೆಲ್ಲಿ ವ್ಯಾಲ್ಯೂ ಬರುತ್ತಿತ್ತು ಅಂತ ಒಂದೊಂದಾಗಿ ಗುರುತು ಹಾಕಿ. ಪ್ರತಿಯೊಂದಕ್ಕೂ ಹೊಸ ಕೋಡಿನಲ್ಲಿ ಜೋಡಿ ಹುಡುಕಿ. ಜೋಡಿ ಸಿಗದ ಸಾಲೇ ಕಳ್ಳ.

ಕಷ್ಟ ಏನೆಂದರೆ, ಹಳೆಯ ಕೋಡಿನಲ್ಲಿ ವ್ಯಾಲ್ಯೂ ಕೊಡುವ ಸಾಲೇ ಕಣ್ಣಿಗೆ ಕಾಣದಂತೆ ಇರಬಹುದು. ಅಂಥ ಕೆಲವು ಜಾಗಗಳನ್ನು ಹೇಳುತ್ತೇನೆ.

ಗ್ಲೋಬಲ್ ವೇರಿಯಬಲನ್ನು ಲೋಕಲ್ ಮಾಡುವುದು ಎಲ್ಲರೂ ಮೆಚ್ಚುವ ರಿಫ್ಯಾಕ್ಟರ್. ಆದರೆ ಗ್ಲೋಬಲ್ ಮತ್ತು ಸ್ಟ್ಯಾಟಿಕ್ ವೇರಿಯಬಲ್‌ಗಳಿಗೆ ಭಾಷೆಯೇ ಪುಕ್ಕಟೆ 0 ಕೊಡುತ್ತದೆ. ಹತ್ತು ವರ್ಷದಿಂದ "ಇಂಟ್ ಎಣಿಕೆ;" ಅಂತ ಫೈಲಿನ ಮೇಲೆ ಇದ್ದ ಸಾಲನ್ನು ಹಾಗೇ ಎತ್ತಿ ಫಂಕ್ಷನ್ ಒಳಗೆ ಇಟ್ಟಿರಿ ಅನ್ನಿ. ಒಂದು ಅಕ್ಷರವೂ ಬದಲಾಗಿಲ್ಲ, ಆದರೆ ಆ ಪುಕ್ಕಟೆ 0 ಹೋಯಿತು. ಕ್ಯಾಲಕ್ ಇದ್ದ ಕಡೆ ಮ್ಯಾಲಕ್ ಬರೆದರೂ ಇದೇ ಕಥೆ. ಕ್ಯಾಲಕ್ ತಂದ ಜಾಗ ಪೂರ್ತಿ 0, ಮ್ಯಾಲಕ್ ತಂದದ್ದು ಹೇಗಿತ್ತೋ ಹಾಗೆ. ರೀಅಲಕ್‌ನಿಂದ ಜಾಗ ಹಿಗ್ಗಿಸಿದರೆ ಹಿಗ್ಗಿದ ಭಾಗ ಕೂಡ ಹಾಗೇ.

ಸಿ++ನಲ್ಲಿ ಇದಕ್ಕಿಂತ ನಯವಾದ ಒಂದು ಗುಂಡಿ ಇದೆ. ಕನ್‌ಸ್ಟ್ರಕ್ಟರ್ (ಸೃಷ್ಟಿಯಾಗುವಾಗ ಓಡುವ ಫಂಕ್ಷನ್) ಇಲ್ಲದ ಒಂದು ಸ್ಟ್ರಕ್ಟ್, ಅದರಲ್ಲಿ ನಾಲ್ಕು ಇಂಟ್. ಅದನ್ನು "ನ್ಯೂ ಬಿಂದು()" ಅಂತ ಖಾಲಿ ಆವರಣದ ಜೊತೆ ಸೃಷ್ಟಿಸಿದರೆ ನಾಲ್ಕೂ 0 ಆಗುತ್ತವೆ. ರಿಫ್ಯಾಕ್ಟರ್ ಮಾಡುವಾಗ ಯಾರೋ ಬಂದು ನೀಟಾಗಿರಲಿ ಅಂತ "ಬಿಂದು() {}" ಅನ್ನುವ ಖಾಲಿ ಕನ್‌ಸ್ಟ್ರಕ್ಟರ್ ಸೇರಿಸುತ್ತಾರೆ. ಅದು ಏನೂ ಮಾಡುವುದಿಲ್ಲ. ಆದರೆ ನೀವೇ ಬರೆದ ಕನ್‌ಸ್ಟ್ರಕ್ಟರ್ ಇದೆ ಅಂದಮೇಲೆ ಭಾಷೆ ತನ್ನ 0 ತುಂಬುವ ಕೆಲಸ ನಿಲ್ಲಿಸುತ್ತದೆ. ನಾಲ್ಕರಲ್ಲೂ ಕಸ. ಸ್ಟ್ರಕ್ಟ್ ಒಳಗೇ "= ಡಿಫಾಲ್ಟ್" ಅಂತ ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಇಲ್ಲಿ ಕೆಂಪು ಸಾಲೇ ಇರುವುದಿಲ್ಲ ನೋಡಿ, ಒಂದು ಹಸಿರು ಸಾಲು ಸೇರಿದ್ದರಿಂದ ವ್ಯಾಲ್ಯೂ ಮಾಯ.

ಕ್ಲಾಸ್‌ನ ಮೆಂಬರ್‌ಗಳನ್ನು ಅಕಾರಾದಿಯಾಗಿ ಜೋಡಿಸಿದರೂ ಬಗ್ಗು ಬರಬಹುದು. ಸಿ++ ಮೆಂಬರ್‌ಗಳಿಗೆ ವ್ಯಾಲ್ಯೂ ಕೊಡುವುದು ಅವುಗಳನ್ನು ಘೋಷಿಸಿದ ಕ್ರಮದಲ್ಲಿ. ಕನ್‌ಸ್ಟ್ರಕ್ಟರ್‌ನ ಪಟ್ಟಿಯಲ್ಲಿ ನೀವು ಬರೆದ ಕ್ರಮಕ್ಕೆ ಬೆಲೆಯೇ ಇಲ್ಲ. "ಉದ್ದ" ಮೊದಲು, ಅದನ್ನು ಬಳಸಿ "ಗಾತ್ರ" ಆಮೇಲೆ ಅಂತ ಪಟ್ಟಿ ಹೇಳುತ್ತದೆ. ಆದರೆ ಘೋಷಣೆಯಲ್ಲಿ "ಗಾತ್ರ" ಮೇಲೆ ಹೋಗಿದ್ದರೆ, ಅದು ಇನ್ನೂ ಹುಟ್ಟದ "ಉದ್ದ"ವನ್ನು ಓದುತ್ತದೆ. ಇದಕ್ಕೆ ರೀಆರ್ಡರ್ ಅನ್ನುವ ವಾರ್ನಿಂಗ್ -ವಾಲ್‌ನಲ್ಲೇ ಇದೆ. ಅದನ್ನು ಬರೀ ಶಿಸ್ತಿನ ವಿಷಯ ಅಂತ ಅಸಡ್ಡೆ ಮಾಡುವವರು ತುಂಬಾ ಜನ.

ಇಫ್ ಎಲ್ಸ್ ಸರಪಳಿಯನ್ನು ಸ್ವಿಚ್ ಮಾಡಿದಾಗ ಕೊನೆಯ ಎಲ್ಸ್ ಡಿಫಾಲ್ಟ್ ಆಗಿ ಬಂತಾ ನೋಡಿ. ತಪ್ಪಾದಾಗ ಕ್ಲೀನಪ್ ಲೇಬಲ್‌ಗೆ ಗೋಟು (ನೇರವಾಗಿ ಇನ್ನೊಂದು ಸಾಲಿಗೆ ಜಿಗಿಯುವ ಆಜ್ಞೆ) ಹೊಡೆಯುವ ಸಿ ಕೋಡಿನಲ್ಲಿ, ವ್ಯಾಲ್ಯೂ ಕೊಡುವ ಘೋಷಣೆಯನ್ನು ಮೇಲಿಂದ ಕೆಳಗೆ ಇಳಿಸಿದಾಗ ಗೋಟು ಅದನ್ನು ಹಾರಿಕೊಂಡು ಹೋಗುತ್ತದಾ ನೋಡಿ. ಸಿ++ ಇಂಥ ಜಿಗಿತಕ್ಕೆ ಬಿಡುವುದಿಲ್ಲ, ಸಿ ಬಿಡುತ್ತದೆ.

ಹೆಜ್ಜೆ 6: ಈಗ ಸರಿಪಡಿಸಿ

ಬರೆಯುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು. ಈ ದಾರಿಯಲ್ಲಿ ಹಳೆಯ ಕೋಡು ಯಾವ ವ್ಯಾಲ್ಯೂ ಕೊಡುತ್ತಿತ್ತು? ಉತ್ತರ 0 ಆಗಿದ್ದರೆ, ಗ್ಲೋಬಲ್ ಉದಾಹರಣೆಯಲ್ಲಿ ಇದ್ದ ಹಾಗೆ, ಧಾರಾಳವಾಗಿ 0 ಬರೆಯಿರಿ. ನನ್ನ ಕೋಡಿನಲ್ಲಿ ಉತ್ತರ 30.

ಅತಿ ಸಣ್ಣ ತಿದ್ದುಪಡಿ ಅಂದರೆ "ಇಂಟ್ ಟೈಮೌಟ್ = 30;" ಅಂತ ಮತ್ತೆ ಬರೆಯುವುದು. ತುರ್ತಿಗೆ ಅದೇ ಸರಿ. ಆದರೆ ಆ ಫಂಕ್ಷನ್‌ನ ಆಕಾರವೇ ಗುಂಡಿ ತೋಡುವಂಥದ್ದು. ಪಾಯಿಂಟರ್ ಮೂಲಕ ಒಮ್ಮೆ ತುಂಬುತ್ತದೆ, ಒಮ್ಮೆ ತುಂಬುವುದಿಲ್ಲ, ತುಂಬಿತಾ ಅಂತ ಹೇಳುವ ಬೂಲ್ ಅನ್ನು ಯಾರೂ ನೋಡದಿದ್ದರೂ ನಡೆಯುತ್ತದೆ. ನಾಳೆ ಇನ್ನೊಬ್ಬರು ಇದನ್ನು ಕರೆದಾಗ ಮತ್ತೆ ಅದೇ ತಪ್ಪು. ನಾನು ಕೊನೆಗೆ ಹೀಗೆ ಮಾಡಿದೆ:

    ಇಂಟ್ ಟೈಮೌಟ್_ಓದು(ಇಂಟ್ ಇಲ್ಲದಿದ್ದರೆ)
    {
        ಇಫ್ (!ಸಾಲಿದೆಯಾ("ಟೈಮೌಟ್"))
            ರಿಟರ್ನ್ ಇಲ್ಲದಿದ್ದರೆ;
        ರಿಟರ್ನ್ ಸಾಲಿನ_ಸಂಖ್ಯೆ("ಟೈಮೌಟ್");
    }

    ಕಾನ್ಸ್ಟ್ ಇಂಟ್ ಟೈಮೌಟ್ = ಟೈಮೌಟ್_ಓದು(30);

ಈಗ ವ್ಯಾಲ್ಯೂ ಇಲ್ಲದೆ ವೇರಿಯಬಲ್ ಹುಟ್ಟುವುದೇ ಇಲ್ಲ. 30 ಎಲ್ಲರ ಕಣ್ಣಿಗೂ ಕಾಣುವ ಕಡೆ ಇದೆ. ಮುಂದೆ ಯಾರಾದರೂ ತುಂಡು ಮಾಡಿದರೂ ಅದನ್ನು ಬೀಳಿಸುವುದು ಕಷ್ಟ. ಸಿ++ ಆಗಿದ್ದರೆ ಆಪ್ಷನಲ್ (ವ್ಯಾಲ್ಯೂ ಇರಲೂಬಹುದು, ಇಲ್ಲದಿರಲೂಬಹುದು ಅನ್ನುವ ಟೈಪ್) ವಾಪಸ್ ಕೊಟ್ಟು, ಕರೆಯುವ ಕಡೆ ವ್ಯಾಲ್ಯೂ-ಆರ್ ಬಳಸಿ 30 ಕೊಡಬಹುದು. ಕ್ಲಾಸ್‌ನ ಮೆಂಬರ್ ಆಗಿದ್ದರೆ ಘೋಷಣೆಯ ಸಾಲಿನಲ್ಲೇ ವ್ಯಾಲ್ಯೂ ಬರೆಯಿರಿ. ಸಿ++11ರಿಂದ ಅದಕ್ಕೆ ಅವಕಾಶ ಇದೆ. ಎಷ್ಟು ಕನ್‌ಸ್ಟ್ರಕ್ಟರ್ ಸೇರಿಸಿದರೂ ಅದು ತಪ್ಪುವುದಿಲ್ಲ.

ಸ್ವಿಚ್ ಬಗ್ಗೆ ಒಂದು ಮಾತು. ಪ್ರೋಗ್ರಾಂ ಒಂದು ದಾರಿಗೆ ಬರಲು ಸಾಧ್ಯವೇ ಇಲ್ಲ ಅನ್ನಿಸಿದರೆ ಅಲ್ಲಿ ಬಾಯಿಗೆ ಬಂದ ಸಂಖ್ಯೆ ಇಡಬೇಡಿ. ತಪ್ಪು ಅಂತ ಹೇಳಿ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಿ. ಸುಳ್ಳು ವ್ಯಾಲ್ಯೂ ಇಟ್ಟರೆ ನಾಳೆ ನಿಜವಾಗಲೂ ಆ ದಾರಿಗೆ ಬಂದಾಗ ಕಂಪೈಲರ್‌ಗೂ ಗೊತ್ತಾಗುವುದಿಲ್ಲ, ಮೆಮ್‌ಚೆಕ್‌ಗೂ ಗೊತ್ತಾಗುವುದಿಲ್ಲ.

ವಾರ್ನಿಂಗ್ ಬಾಯಿ ಮುಚ್ಚಿಸುವ ಆತುರ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಕಥೆ ಇದೆ. ಅಲ್ಲಿ ವ್ಯಾಲ್ಯೂ ಇಲ್ಲದ ಬಫರ್ ಓದುತ್ತಿದ್ದೀರಿ ಅಂತ ವಾಲ್‌ಗ್ರಿಂಡ್ ಹೇಳುತ್ತಿತ್ತು. 2006ರಲ್ಲಿ ಆ ಪ್ಯಾಕೇಜ್‌ನಲ್ಲಿ ಒಂದೇ ತರಹ ಕಾಣುವ ಎರಡು ಸಾಲುಗಳನ್ನು ಕಾಮೆಂಟ್ ಮಾಡಿದರು. ಒಂದು ಸಾಲು ಹೋದದ್ದರಿಂದ ತೊಂದರೆ ಇರಲಿಲ್ಲ. ಇನ್ನೊಂದು ಮಾತ್ರ ರ‍್ಯಾಂಡಮ್ ಸಂಖ್ಯೆಗೆ ಬೇಕಾದ ನಿಜವಾದ ಕಚ್ಚಾ ಮಾಲನ್ನು ಒಳಗೆ ಹಾಕುತ್ತಿದ್ದ ಸಾಲು. ಉಳಿದದ್ದು ಪ್ರೋಸೆಸ್ ಐಡಿ ಒಂದೇ, ಅದಕ್ಕೆ ಇರುವುದೇ 32,768 ಸಾಧ್ಯತೆ. 2008ರ ಮೇ ತಿಂಗಳಲ್ಲಿ ಇದು ಹೊರಬಿತ್ತು. ಅಷ್ಟರಲ್ಲಿ ಆ ಪ್ಯಾಕೇಜ್‌ನಿಂದ ಹುಟ್ಟಿದ ಕೀಗಳನ್ನೆಲ್ಲ ಊಹಿಸಬಹುದಿತ್ತು, ಎಲ್ಲವನ್ನೂ ಬದಲಿಸಬೇಕಾಯಿತು. ಟೂಲ್ ಸುಳ್ಳು ಹೇಳಿರಲಿಲ್ಲ. ಆ ಸಾಲು ಏನು ಕೆಲಸ ಮಾಡುತ್ತಿದೆ ಅನ್ನುವುದು ತಿದ್ದಿದವರ ಗಮನಕ್ಕೆ ಬಂದಿರಲಿಲ್ಲ.

ಬೇರೆ ಭಾಷೆಯಲ್ಲಿ ಬರೆಯುವವರಿಗೆ

ಜಾವಾ, ಸಿ ಶಾರ್ಪ್, ರಸ್ಟ್ ಬಳಸುವವರು ಇಷ್ಟು ಹೊತ್ತು ನಗುತ್ತಿರಬಹುದು. ವ್ಯಾಲ್ಯೂ ಕೊಡದ ಲೋಕಲ್ ವೇರಿಯಬಲ್ ಓದಿದರೆ ಅಲ್ಲಿ ಕಂಪೈಲೇ ಆಗುವುದಿಲ್ಲ. ಪೈಥಾನ್ ಓಡುವಾಗ ಎರರ್ ಎಸೆಯುತ್ತದೆ. ಆದರೆ ಜಾವಾದ ಫೀಲ್ಡ್‌ಗಳಿಗೆ ಭಾಷೆಯೇ 0 ಇಡುತ್ತದೆ, ಗೋ ಭಾಷೆಯಲ್ಲಿ ಎಲ್ಲ ವೇರಿಯಬಲ್‌ಗೂ ಹಾಗೆ. ಅಂದರೆ ಅಲ್ಲಿ ಕಸ ಬರುವುದಿಲ್ಲ, ಆದರೆ ನನ್ನ 30 ಬಿದ್ದುಹೋಗಿದ್ದರೆ ಸದ್ದಿಲ್ಲದೆ 0 ಬರುತ್ತದೆ. ಮೇಲೆ ಬೈದ "= 0" ತಿದ್ದುಪಡಿಯನ್ನು ಭಾಷೆಯೇ ನಿಮ್ಮ ಪರವಾಗಿ ಮಾಡಿಬಿಟ್ಟಿರುತ್ತದೆ. ಕೆಂಪು ಬದಿ ಓದುವ ಕೆಲಸ ಅವರಿಗೂ ತಪ್ಪಿದ್ದಲ್ಲ.

ಹೆಜ್ಜೆ 7: ಟೆಸ್ಟ್ ಮತ್ತು ಕಮಿಟ್

ಟೆಸ್ಟ್‌ಗಳು ಪಾಸಾಗಿದ್ದವು ಅಂತ ಮೊದಲೇ ಹೇಳಿದೆನಲ್ಲ. ಟೈಮೌಟ್ ಸಾಲು ಇಲ್ಲದ ಸೆಟ್ಟಿಂಗ್ಸ್ ಫೈಲ್ ಕೊಟ್ಟು ನೋಡುವ ಟೆಸ್ಟ್ ಒಂದೂ ಇರಲಿಲ್ಲ. ಅದನ್ನು ಬರೆಯಿರಿ. ಟೈಮೌಟ್ 30 ಬಂತಾ ಅಂತ ನೇರವಾಗಿ ಕೇಳಿ. ಬರೀ ಕ್ರ್ಯಾಶ್ ಆಗಲಿಲ್ಲ ಅನ್ನುವುದು ಸಾಲದು. ಮೊದಲು ಹಳೆಯ, ರಿಫ್ಯಾಕ್ಟರ್‌ಗೆ ಮುಂಚಿನ ಕಮಿಟ್‌ನಲ್ಲಿ ಆ ಟೆಸ್ಟ್ ಓಡಿಸಿ, ಪಾಸಾಗಬೇಕು. ಆಮೇಲೆ ಕೆಟ್ಟ ಕಮಿಟ್‌ನಲ್ಲಿ ಪ್ಯಾಟರ್ನ್ ಫ್ಲ್ಯಾಗ್ ಹಾಕಿ ಓಡಿಸಿ, ಫೇಲ್ ಆಗಬೇಕು. ಫೇಲ್ ಆಗದಿದ್ದರೆ ನಿಮ್ಮ ಟೆಸ್ಟ್ ಬೇರೇನನ್ನೋ ನೋಡುತ್ತಿದೆ. ಕೊನೆಗೆ ತಿದ್ದಿದ ಕೋಡಿನಲ್ಲಿ.

ಅದೇ ಟೆಸ್ಟನ್ನು ಸಿಐನಲ್ಲಿ (ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಮೆಮ್‌ಚೆಕ್ ಅಡಿಯಲ್ಲೂ ಓಡುವಂತೆ ಮಾಡಿ. ಮೆಮ್‌ಚೆಕ್‌ಗೆ ತಪ್ಪು ಸಿಕ್ಕರೂ ಪ್ರೋಗ್ರಾಂ ಸರಿಯಾಗಿ ಮುಗಿದರೆ ಅದು ಮಾಮೂಲಿಯಾಗಿ ಫೇಲ್ ಅನ್ನುವುದಿಲ್ಲ. --ಎರರ್-ಎಕ್ಸಿಟ್‌ಕೋಡ್=1 ಅಂತ ಕೊಡಬೇಕು. ಇಡೀ ಟೆಸ್ಟ್ ಸೆಟ್ ಓಡಿಸಲು ಸಮಯ ಸಾಲದಿದ್ದರೆ ರಾತ್ರಿ ಒಂದು ಸಲ ಓಡಿಸಿ.

ಈ ತಿದ್ದುಪಡಿಗೆ ಬೇರೆಯದೇ ಕಮಿಟ್ ಮಾಡಿ, ಇನ್ನೊಂದಿಷ್ಟು ರಿಫ್ಯಾಕ್ಟರ್ ಜೊತೆ ಬೆರೆಸಬೇಡಿ. ಕಮಿಟ್ ಸಂದೇಶದಲ್ಲಿ "ವಾರ್ನಿಂಗ್ ಸರಿಪಡಿಸಿದೆ" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಬರೆದದ್ದು ಇಷ್ಟು: "ಸೆಟ್ಟಿಂಗ್ಸ್‌ನಲ್ಲಿ ಟೈಮೌಟ್ ಸಾಲು ಇಲ್ಲದಿದ್ದರೆ 30 ಸೆಕೆಂಡ್ ಇರಬೇಕಿತ್ತು. ಓದುವ ಭಾಗವನ್ನು ಬೇರೆ ಮಾಡಿದಾಗ ಅದು ಬಿಟ್ಟುಹೋಗಿತ್ತು. ವಾಪಸ್ ಹಾಕಿದ್ದೇನೆ." ಬಗ್ಗು ತಂದ ಕಮಿಟ್‌ನ ಗುರುತನ್ನೂ ಕೆಳಗೆ ಸೇರಿಸಿದೆ. ಆಮೇಲೆ ಅದೇ ರಿಫ್ಯಾಕ್ಟರ್‌ನಲ್ಲಿ ನಾನು ಹೀಗೇ ಸಾಗಿಸಿದ್ದ ಇನ್ನೂ ಐದು ಸೆಟ್ಟಿಂಗ್‌ಗಳ ಕೆಂಪು ಸಾಲುಗಳನ್ನು ತೆರೆದು ಕೂತೆ. ಎರಡರಲ್ಲಿ ಇದೇ ತಪ್ಪಿತ್ತು.